ಬಾಯಿ ಬರೆಯದ ಚಿತ್ರ

9 ಜನವರಿ 1943, ಬೆಳಿಗ್ಗೆ

ಮೂರನೆಯ ಬೀರು. ಮೇಲಿನ ಎರಡು ಅರೆ ಮುಗಿದವು. ಬೇವಿನ ಎಲೆ ಬದಲಿಸಿದೆ. ಹಳೆಯವು ಮುಟ್ಟಿದರೆ ಪುಡಿ. ಕಟ್ಟುಗಳ ಮೇಲೆ ಉರ್ದುವಿನಲ್ಲಿ ಊರಿನ ಹೆಸರು — ತಾಂಡೂರು, ಜಹೀರಾಬಾದ್, ನಾರಾಯಣಖೇಡ್. ಆ ಕಡೆಯ ಶಾಲೆಯ ಮಕ್ಕಳ, ಕೆಲವು ದೊಡ್ಡವರ ಬುದ್ಧಿಪರೀಕ್ಷೆಯ ಹಾಳೆಗಳು. ಯಾರೋ ಹೋಗಿ ಅಳೆದು ತಂದರು. ನಾನು ಕಟ್ಟಿ ಇಟ್ಟೆ.

ಯೂನಿವರ್ಸಿಟಿಯ ಮನಃಶಾಸ್ತ್ರ ವಿಭಾಗದಲ್ಲಿ ನನ್ನ ಹುದ್ದೆ ಡೆಮಾನ್‌ಸ್ಟ್ರೇಟರ್. ಪ್ರೊಫೆಸರ್ ಸಾಹೇಬರು ಬಂದವರಿಗೆ ಪರಿಚಯಿಸುವುದು ಬೇರೆ ರೀತಿ: "ನಮ್ಮ ಬೀರುಗಳ ಮಾಣಿಕಪ್ಪ." ಒಪ್ಪಿಕೊಂಡಿದ್ದೇನೆ. ಬೀರುಗಳ ಜೊತೆ ಮಾತಾಡಬೇಕಾಗಿಲ್ಲ.

ಮಧ್ಯಾಹ್ನ

ನಾರಾಯಣಖೇಡದ ಅದಾಲತ್ತಿನಿಂದ ಲಕೋಟೆ. ಕಂಗ್ಟಿಯ ಪಾರ್ವತಿಬಾಯಿ ಎಂಬ ವಿಧವೆಯ ಪರೀಕ್ಷೆಯ ಮೂಲ ಹಾಳೆ ಬೇಕಂತೆ. ನಕಲು ನಡೆಯದು. ಹಾಳೆ ಕಾಯುವ ನೌಕರನೇ ತಂದು ಪ್ರಮಾಣ ಮಾಡಬೇಕು. ವಿಚಾರಣೆಯ ಪೇಶಿ ಫೆಬ್ರವರಿ 3ಕ್ಕೆ.

ಸಂಗತಿ ಸರಳ. ಗಂಡ ತೀರಿದ ಮೇಲೆ ಹೊಲ, ಬಾವಿ, ಮನೆ ಆಕೆಯ ಹೆಸರಿಗೆ ಬಂದಿವೆ. ಗಂಡನ ಅಣ್ಣ ಮನ್ಮಥಪ್ಪ ಅರ್ಜಿ ಹಾಕಿದ್ದಾನೆ — ಆಕೆ ಮಂದಬುದ್ಧಿ, ಆಸ್ತಿಗೂ ಆಕೆಗೂ ತನ್ನನ್ನೇ ವಲಿ, ಅಂದರೆ ಪಾಲಕ, ಎಂದು ನೇಮಿಸಬೇಕು, ಇನ್ನು ಮುಂದೆ ಆಕೆಯ ಪರವಾಗಿ ಹೆಬ್ಬೆಟ್ಟು ಒತ್ತುವವನು ತಾನು. ಅದಾಲತ್ತು ನಮ್ಮ ವಿಭಾಗದ ಅಭಿಪ್ರಾಯ ಕೇಳಿತ್ತು. ಹೋದ ವರ್ಷ ಪರೀಕ್ಷಕರೊಬ್ಬರು ಹೋಗಿ ಬಂದರು. ಈಗ ಅವರು ಮುಂಬಯಿಯಲ್ಲಿ, ಬೇರೆ ನೌಕರಿಯಲ್ಲಿ.

ಹಾಳೆ ಸಿಕ್ಕಿತು. ವಯಸ್ಸು ನಲವತ್ತು. ಮಾನಸಿಕ ವಯಸ್ಸು ಒಂಬತ್ತು. ಸಹಿ, ಮೊಹರು.

11 ಜನವರಿ

ಇವತ್ತು ಮತ್ತೆ ಆ ಹಾಳೆ. ಕಾರಣವಿಲ್ಲ… ಅಥವಾ ಇದೆ. ಕಂಗ್ಟಿ ನಮ್ಮ ಕಡೆ.

ನಾಣ್ಯ ಎಣಿಸುವುದು — ಸರಿ. ಕೇಳಿದ ವಾಕ್ಯ ತಿರುಗಿ ಹೇಳುವುದು — ಸರಿ. ಗಂಟು ಹಾಕುವುದು — ಸರಿ. ಆಮೇಲೆ ಚಿತ್ರಗಳ ವಿಭಾಗ. ಹತ್ತು ಕಾರ್ಡು, ಹತ್ತರಲ್ಲೂ ಮನುಷ್ಯರ ಚಿತ್ರ. ಒಂದಕ್ಕೆ ಕಿವಿ ಇಲ್ಲ, ಒಂದಕ್ಕೆ ಕೈ ಇಲ್ಲ. "ಇದರಲ್ಲಿ ಏನು ಇಲ್ಲ?" ಎಂದು ಕೇಳಬೇಕು. ಹತ್ತಕ್ಕೂ ತಪ್ಪು. ಒಂದು ವಿಭಾಗ ಪೂರ್ತಿ ಬಿದ್ದರೆ ಮುಂದೆ ಕೇಳಬಾರದು, ಅದು ನಿಯಮ. ಅಲ್ಲಿಗೆ ನಿಲ್ಲಿಸಿದ್ದಾರೆ. ಆದ್ದರಿಂದ ಒಂಬತ್ತು.

ಆಕೆ ಏನು ಹೇಳಿದಳು? ಹಾಳೆಯಲ್ಲಿಲ್ಲ. ಉತ್ತರ ಬರೆಯಲು ಜಾಗವೇ ಇಲ್ಲ. ತಪ್ಪು ಎಂದು ಗೀಟು ಹಾಕಲು ಮಾತ್ರ ಒಂದು ಚೌಕ.

ಮೂರೂ ಊರುಗಳ ಕಟ್ಟು ಬಿಚ್ಚಿದೆ. ಎಷ್ಟೋ ಹಾಳೆಗಳು ಅದೇ ಜಾಗದಲ್ಲಿ ನಿಂತಿವೆ. ಲೆಕ್ಕ ಸರಿಯಾಗಿ ಮಾಡಿದ ಹುಡುಗರು, ಬಾಯಿಪಾಠ ಒಪ್ಪಿಸಿದ ಹುಡುಗಿಯರು, ಎಲ್ಲರೂ ಚಿತ್ರ ನೋಡಿದಾಗ ಮಂಕಾಗಿದ್ದಾರೆ.

ಕಾರ್ಡುಗಳನ್ನು ಹುಡುಕಿ ತೆಗೆದೆ. ನಗರದ ಡ್ರಾಯಿಂಗ್ ಮಾಸ್ತರರು ಬರೆದದ್ದು. ನಾಲ್ಕನೆಯದು ಒಬ್ಬ ಹೆಂಗಸು — ತಲೆಯ ಮೇಲೆ ಸೆರಗು, ದೊಡ್ಡ ಕಣ್ಣು, ಮೂಗು. ಕೂಡಲೆ ಹೇಳಿದೆ, ಖಾಲಿ ಕೋಣೆಯಲ್ಲಿ, ಜೋರಾಗಿಯೇ: ಬಾಯಿ ಇಲ್ಲ.

ಪಾಸಾದೆ.

12 ಜನವರಿ

ಪ್ರೊಫೆಸರ್ ಸಾಹೇಬರಿಗೆ ಹೇಳಿದೆ — ಈ ವಿಭಾಗದಲ್ಲಿ ಏನೋ ಸರಿಯಿಲ್ಲ. ಏನೋ ಅಂದರೆ ಏನು ಎಂದರು. ಗೊತ್ತಿಲ್ಲ ಎಂದೆ. ಕನ್ನಡಕ ಒರೆಸಿಕೊಂಡರು.

"ಹಾಳೆ ತೆಗೆದುಕೊಂಡು ಹೋಗಿ, ಪ್ರಮಾಣ ಮಾಡಿ, ಬನ್ನಿ. ನೀವು ಬೀರಿನ ಸಾಕ್ಷಿ, ಮಾಣಿಕಪ್ಪ. ಬುದ್ಧಿಯ ಸಾಕ್ಷಿ ಅಲ್ಲ."

ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ.

ಪಾರ್ವತಿಬಾಯಿಯ ಹಾಳೆಯ ಹಿಂಬದಿ ನಿನ್ನೆ ನೋಡಿರಲಿಲ್ಲ. ಪೆನ್ಸಿಲಿನಲ್ಲಿ ಸಣ್ಣದಾಗಿ: ದುಭಾಷಿ — ಮನ್ಮಥಪ್ಪ. ಪರೀಕ್ಷಕರಿಗೆ ಕನ್ನಡ ಬರುತ್ತಿರಲಿಲ್ಲ. ಆಕೆಯ ಮಾತನ್ನು ಉರ್ದುವಿಗೆ ಹೊರಳಿಸಿದವನು ಹೊಲ ಬೇಡುವವನೇ. ಅವನು ಸುಳ್ಳು ಹೇಳಿರಬಹುದು. ಹೇಳದೆಯೂ ಇರಬಹುದು. ಸುಳ್ಳಾದರೆ ಒಂದು ಹಾಳೆ ಕೆಡುತ್ತದೆ. ಉಳಿದವು ಯಾಕೆ ಅಲ್ಲಿಯೇ ನಿಂತವು?

29 ಜನವರಿ, ರೈಲಿನಲ್ಲಿ

ಪೇಶಿಗೆ ಐದು ದಿನ ಮೊದಲೇ ಹೊರಟೆ. ತಾಂಡೂರಿನಲ್ಲಿ ಅಕ್ಕನ ಮನೆ. ಅಲ್ಲಿಂದ ತಿರುಗಿ ವಿಕಾರಾಬಾದಿಗೆ ಬಂದು ಜಹೀರಾಬಾದಿನ ಗಾಡಿ. ಡಬ್ಬಿ ತುಂಬ ಸಿಪಾಯಿಗಳು. ಯುದ್ಧ ಎಲ್ಲಿದೆಯೋ, ಧೂಳು ಇಲ್ಲಿದೆ.

ಅದಾಲತ್ತು ಕೇಳಿದ್ದು ಹಾಳೆ ಮಾತ್ರ. ಟ್ರಂಕಿನಲ್ಲಿ ಕಾರ್ಡುಗಳೂ ಇವೆ. ಪ್ರೊಫೆಸರ್ ಸಾಹೇಬರಿಗೆ ಹೇಳಿಲ್ಲ.

30 ಜನವರಿ, ತಾಂಡೂರು

ರುಕ್ಮಿಣಕ್ಕ ತೊಗರಿ ಕೇರುತ್ತ ಕೂತಿದ್ದಳು. ಮೊದಲ ಮಾತು ಪ್ರತಿ ಸಲದ್ದೇ.

"ಕೊರಳಾಗ ಏನದ ತಮ್ಮಾ?"

"ಕಾಲರ್ ಅದ ಅಕ್ಕ."

"ನಿನ್ನ ಕರಡಿಗಿ ಜಗಲಿ ಮ್ಯಾಲ ಅದ. ದಿನಾ ನಾನೇ ಪೂಜಿ ಮಾಡ್ತೀನಿ. ನಿನ್ನ ಲಿಂಗಕ್ಕ ನನ್ನ ಕೈಯೇ ರೂಢಿ ಆಗ್ಯಾದ. ನೀ ಮುಟ್ಟಿದ್ರ ಗುರುತು ಸುದ್ದಾ ಹಿಡಿಯಾಂಗಿಲ್ಲ."

ಲಿಂಗವಿರುವ ಆ ಕರಡಿಗೆ ಕಾಲೇಜಿಗೆ ಸೇರಿದ ವರ್ಷ ಕೊರಳಿನಿಂದ ತೆಗೆದಿಟ್ಟದ್ದು. ವಾದ ಮಾಡಿ ತೆಗೆದದ್ದಲ್ಲ. ಸ್ನಾನಕ್ಕೆ ಎಂದು ತೆಗೆದೆ, ಮತ್ತೆ ಹಾಕಲಿಲ್ಲ.

ಊಟ ಆದ ಮೇಲೆ ನಾಲ್ಕನೆಯ ಕಾರ್ಡು ಕೊಟ್ಟೆ. ಸುಮ್ಮನೆ, ಎಲೆಅಡಿಕೆ ಕೊಟ್ಟ ಹಾಗೆ. ನಿಯಮದ ಪ್ರಕಾರ ಕೇಳಿದೆ — ಇದರಲ್ಲಿ ಏನು ಇಲ್ಲ?

ದೂರ ಹಿಡಿದು ನೋಡಿದಳು. ಮುಖ ಕಿವುಚಿದಳು.

"ಥೂ! ಹಣಿ ಮ್ಯಾಲ ವಿಭೂತಿ ಇಲ್ಲ, ಕೊರಳಾಗ ಲಿಂಗ ಇಲ್ಲ. ಬೋಳ ಹಣಿ, ಬೋಳ ಕೊರಳು. ಯಾವ ಮನಿತನದಾಕಿ ಇಕಿ?"

ಉಳಿದ ಒಂಬತ್ತೂ ತೋರಿಸಿದೆ. ಕಿವಿ ಇಲ್ಲದವನಿಗೂ ಅದೇ, ಕೈ ಇಲ್ಲದವನಿಗೂ ಅದೇ. ವಿಭೂತಿ ಇಲ್ಲ, ಲಿಂಗ ಇಲ್ಲ. ಕೊನೆಗೆ ಸಿಟ್ಟಾದಳು. "ಎಲ್ಲಾರೂ ಒಂದೇ ಮನಿಯವ್ರೇನೋ? ಹೇಳಿದ್ದೇ ಎಷ್ಟು ಸಲ ಹೇಳ್ಲಿ?"

"ಇಕಿಗಿ ಬಾಯಿ ಇಲ್ಲಕ್ಕ."

"ಅದೂ ಕಾಣ್ತದೋ ನನಗ. ಕಣ್ಣು ಹೋಗ್ಯಾವೇನು? ನೀ ಏನಿಲ್ಲ ಅಂತ ಕೇಳ್ದಿ. ಮೊದಲ ಇರಬೇಕಾದ್ದು ಹೇಳ್ದೆ."

ಈ ಮನೆಯ ಹೊಲ, ಹಮಾಲರು, ಎರಡು ಕಲ್ಲಿನ ಗಣಿಯ ಗುತ್ತಿಗೆ, ಎಲ್ಲ ಈಕೆಯ ತಲೆಯಲ್ಲಿವೆ. ನಮ್ಮ ನಿಯಮದಂತೆ ಮಾನಸಿಕ ವಯಸ್ಸು ಒಂಬತ್ತು.

ಎದ್ದು ಅಂಗಳಕ್ಕೆ ಹೋದೆ. ನಗು ತಡೆಯಲಾಗಲಿಲ್ಲ. ಬಹಳ ದಿನದ ಮೇಲೆ ಅಂಥ ನಗು. ನನಗೆ ಮೊದಲು ಕಂಡದ್ದು ಬಾಯಿ. ಅಂದರೆ ಕೊರಳು ನನಗೆ ಕಾಣಲೇ ಇಲ್ಲ. ಇದನ್ನು ಯಾವ ಚೌಕದಲ್ಲಿ ಬರೆಯಬೇಕು?

1 ಫೆಬ್ರವರಿ, ಜಹೀರಾಬಾದ್

ಅಕ್ಕ ಒಬ್ಬಳ ಮಾತು ಪುರಾವೆಯಾಗದು. ಅವಳು ನನ್ನ ಅಕ್ಕ ಬೇರೆ.

ಬೇಳೆ ಅಡತಿಯ ಬಕ್ಕಪ್ಪ — ಹಣೆಯ ತುಂಬ ಮೂರು ಪಟ್ಟಿ ವಿಭೂತಿ. ಬೆರಳ ತುದಿಯಲ್ಲಿ ಕಾಳು ಹಿಸುಕಿ ಯಾವ ಊರಿನ ಫಸಲು ಎಂದು ಹೇಳುವವನು. ಕಾರ್ಡು ನೋಡಿದ.

"ಲಿಂಗ ಇಲ್ರಿ. ವಿಭೂತಿ ಇಲ್ಲ. ಇಂಥವ್ರ ಸಂಗಟ ನಿಮಗೇನ್ ಕೆಲಸ ಬಿತ್ರಿ ಮಾಣಿಕಪ್ಪೋರೆ?"

ಹತ್ತಕ್ಕೆ ಹತ್ತು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಸ್ಟೇಷನ್ ಹೊರಗೆ ಜೋಳದ ರೊಟ್ಟಿ ಮಾರುವ ಎಲ್ಲಮ್ಮ. ಲಿಂಗಾಯತಳಲ್ಲ. ಕಾರ್ಡು ಕಂಡ ಕೂಡಲೆ ನಕ್ಕಳು.

"ಬಾಯೇ ಇಲ್ಲಲ್ರಿ ಯಪ್ಪಾ! ಇಂಥಾ ಗಿರಾಕಿ ಕರ್ಕೊಂಡು ಬರಬ್ಯಾಡ್ರಿ. ನನ್ನ ರೊಟ್ಟಿ ಯಾರು ತಿನ್ನಬೇಕು?"

ಎಲ್ಲ ಸರಿ ಹೇಳಿದಳು. ಇನ್ನೂ ಏಳೆಂಟು ಜನರನ್ನು ಕೇಳಿದೆ. ಅಂಗಡಿಯವರು ನನ್ನನ್ನು ಕಣಿ ಹೇಳುವವನು ಎಂದುಕೊಂಡರು. ಲಿಂಗ ಕಟ್ಟಿದವರದು ಒಂದು ಉತ್ತರ, ಕಟ್ಟದವರದು ಒಂದು. ದಡ್ಡರು ಯಾರೂ ಇರಲಿಲ್ಲ.

ಹಾಗಾದರೆ ಮನ್ಮಥಪ್ಪ ಸುಳ್ಳು ಹೇಳಿರಲಾರ. ಆಕೆ ಹೇಳಿದ್ದನ್ನೇ ಹೇಳಿರಬೇಕು. ಅದು ಸರಿ ಉತ್ತರವೆಂದೇ ಅವನಿಗೂ ಅನ್ನಿಸಿರಬೇಕು. ತಪ್ಪು ಎಂದು ಬರೆದುಕೊಂಡಾಗ ಬೆರಗಾಗಿರಬೇಕು — ಬೇಡದೆ ಸಿಕ್ಕ ವರ.

2 ಫೆಬ್ರವರಿ, ನಾರಾಯಣಖೇಡ್

ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದಲ್ಲೆಲ್ಲ ಇಳಿದು ನೂಕಿದೆವು.

ಪಾರ್ವತಿಬಾಯಿಯ ವಕೀಲ ಆತ್ಮಾರಾಮ. ಚಿಕ್ಕ ವಯಸ್ಸು, ಹಳೆಯ ಕೋಟು. ವಿಷಯ ಹೇಳಿದೆ. ಕಾರ್ಡು ನೋಡಿ ಕುಣಿಯುವುದೊಂದು ಬಾಕಿ. ಆಮೇಲೆ ತಣ್ಣಗಾದ.

"ಆದ್ರ ಇದನ್ನ ಹೇಳಬೇಕಾದವ್ರು ನೀವು. ನಾ ಹೇಳಿದ್ರ ವಕೀಲನ ಆಟ ಅಂತಾರ. ನೀವು ಹೇಳಿದ್ರ ನಿಮ್ಮ ನೌಕರಿ…?"

ಗೊತ್ತಿಲ್ಲ ಎಂದೆ. ಎರಡನೆಯ ಸಲ ಅದೇ ಉತ್ತರ. ಈ ಸಲ ಹಗುರವಿತ್ತು.

ಪಾರ್ವತಿಬಾಯಿ ಬಂದಿದ್ದಾಳೆ, ತವರಿನವರ ಜೊತೆ ಕಟ್ಟೆಯ ಮೇಲೆ ಕೂತಿದ್ದಳು. ದೂರದಿಂದ ನೋಡಿದೆ. ತಲೆಯ ಮೇಲೆ ಸೆರಗು. ಆಕೆಯ ಭಾವ ಮನ್ಮಥಪ್ಪನೂ ಇದ್ದ ಆ ಕಡೆ. ಅದಕ್ಕೇ ಸೆರಗು ಇನ್ನೂ ಮುಂದೆ ಎಳೆದಿದ್ದಳು.

3 ಫೆಬ್ರವರಿ, ಸಂಜೆ

ಕ್ರಮವಾಗಿ ಬರೆಯಬೇಕು.

ಮುನ್ಸೀಫ್ ಸಾಹೇಬರು ನಗರದವರು, ನಿಧಾನದ ಮನುಷ್ಯ, ಬಾಯಲ್ಲಿ ಪಾನ್. ಎಲ್ಲ ಉರ್ದುವಿನಲ್ಲಿ. ಪ್ರಮಾಣ ಮಾಡಿದೆ. ಮನ್ಮಥಪ್ಪನ ವಕೀಲ ಕೇಳಿದ: ಇದು ನಿಮ್ಮ ವಿಭಾಗದ ಹಾಳೆಯೆ? ಹೌದು. ಸಹಿ ಪ್ರೊಫೆಸರರದೆ? ಹೌದು. ಮಾನಸಿಕ ವಯಸ್ಸು ಒಂಬತ್ತು ಎಂದಿದೆಯೆ? ಇದೆ.

"ಸಾಕು. ನೀವು ಇಳಿಯಬಹುದು."

ಇಳಿಯಲಿಲ್ಲ. ಕಾಲಿಗೆ ಹೇಳಿದೆ, ಅದು ಕೇಳಲಿಲ್ಲ.

ಮುನ್ಸೀಫ್ ಸಾಹೇಬರು ಕತ್ತೆತ್ತಿದರು. "ಏನಾದರೂ ಹೇಳುವುದಿದೆಯೆ?"

"ಹುಜೂರ್, ಹಾಳೆ ನಿಜ. ಅಳತೆ ಸುಳ್ಳು."

ಆಕ್ಷೇಪಣೆ, ಗದ್ದಲ. ಮುನ್ಸೀಫ್ ಸಾಹೇಬರು ಪಾನ್ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು. ಕಾರ್ಡು ತರಿಸಿಕೊಂಡರು. ಲಿಂಗ ಕಟ್ಟಿದ ಯಾರನ್ನಾದರೂ ಕೇಳಿ ನೋಡಿ ಹುಜೂರ್, ಎಂದೆ. ತಾವೇ ನೋಡಿ "ಬಾಯಿ" ಎಂದು ಮೆಲ್ಲಗೆ ಹೇಳಿಕೊಂಡರು. ಸಂತೋಷಪಟ್ಟರು. ಆಮೇಲೆ ಅವರ ಕಣ್ಣು ಮನ್ಮಥಪ್ಪನ ಮೇಲೆ ಹೋಯಿತು — ರೇಷ್ಮೆ ರುಮಾಲು, ಹಣೆಯ ಮೇಲೆ ದಪ್ಪ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆ.

"ನೀವು ದುಭಾಷಿ ಆಗಿದ್ದಿರಲ್ಲ. ಹೇಳಿ. ಇದರಲ್ಲಿ ಏನು ಇಲ್ಲ?"

ಮನ್ಮಥಪ್ಪ ವಕೀಲನ ಕಡೆ ನೋಡಿದ. ವಕೀಲ ಕಣ್ಣಿನಲ್ಲಿ ಏನೋ ಹೇಳಿದ, ತುಟಿ ಮುಟ್ಟಿಕೊಂಡ ಕೂಡ. ಮನ್ಮಥಪ್ಪನಿಗೆ ಅದು ಸುಮ್ಮನಿರು ಎಂಬ ಸನ್ನೆ ಅನ್ನಿಸಿತೋ ಏನೋ. ಅವನು ಸುಮ್ಮನಿರುವ ಆಳಲ್ಲ. ಅವನು ಭಕ್ತ, ಊರಿನ ಹಿರಿಯ. ಹೇಳಿದ, ಕನ್ನಡದಲ್ಲೂ ಉರ್ದುವಿನಲ್ಲೂ, ಅಂಗಳದವರೆಗೆ ಕೇಳುವ ಹಾಗೆ:

"ಹಣಿ ಮ್ಯಾಲ ವಿಭೂತಿ ಇಲ್ರಿ ಸಾಬ್. ಕೊರಳಾಗ ಲಿಂಗ ಇಲ್ಲ."

"ಇನ್ನೇನೂ ಇಲ್ಲವೆ?"

"ಅದೇ ಇಲ್ಲಂದ ಮ್ಯಾಲ ಇನ್ನೇನ್ ಬೇಕ್ರಿ?"

ಎರಡನೆಯ ಕಾರ್ಡು. ಮೂರನೆಯದು. ಹತ್ತೂ. ಪ್ರತಿ ಸಲ ದನಿ ಏರಿತು. ಏಳನೆಯದಕ್ಕೆ ಬಾಗಿಲ ಬಳಿ ನಿಂತ ಜನರೇ ಅವನ ಜೊತೆ ಹೇಳತೊಡಗಿದರು. ನಾನು ಹಾಳೆಯ ನಿಯಮ ಓದಿದೆ: ವಿಭಾಗ ಪೂರ್ತಿ ಬಿದ್ದರೆ ಮುಂದೆ ಕೇಳಬಾರದು, ಮಾನಸಿಕ ವಯಸ್ಸು ಒಂಬತ್ತು.

ಮುನ್ಸೀಫ್ ಸಾಹೇಬರು ಪಾನ್ ಉಗುಳಿ ಬಂದು ಕೂತರು.

"ಮನ್ಮಥಪ್ಪನವರೆ, ಹಾಗಾದರೆ ನಿಮಗೂ ಒಬ್ಬ ವಲಿ ಬೇಕಾಯಿತಲ್ಲ. ಯಾರನ್ನು ನೇಮಿಸೋಣ? ಪಾರ್ವತಿಬಾಯಿ ಆಗಬಹುದೆ?"

ಅದಾಲತ್ತಿನಲ್ಲಿ ಅಂಥ ನಗು ಕೇಳಿರಲಿಲ್ಲ. ಗೋಡೆಯ ಪಾರಿವಾಳಗಳು ಎದ್ದು ಹೋದವು. ಮನ್ಮಥಪ್ಪ ಮಾತ್ರ ಕಾರ್ಡು ಹಿಡಿದುಕೊಂಡೇ ಇದ್ದ. ತಾನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದ. ಅವನ ಬಗ್ಗೆ ಒಂದು ಗಳಿಗೆ ಕನಿಕರವಾಯಿತು. ಒಂದೇ ಗಳಿಗೆ.

ಆಮೇಲೆ ಆಕೆಯನ್ನು ಕರೆದರು. ಈ ಸಲ ದುಭಾಷಿ ಆತ್ಮಾರಾಮ. ನಾಲ್ಕನೆಯ ಕಾರ್ಡು. ವಿಭೂತಿ, ಲಿಂಗ — ಅದೇ. "ಈ ಹೆಂಗಸಿಗೆ ಬಾಯಿ ಇಲ್ಲದ್ದು ಕಾಣಲಿಲ್ಲವೆ?" ಎಂದು ಮುನ್ಸೀಫ್ ಸಾಹೇಬರು ಕೇಳಿದರು.

ಸೆರಗು ಸ್ವಲ್ಪ ಹಿಂದೆ ಸರಿಯಿತು.

"ಕಂಡಿತ್ರಿ ಸಾಬ್. ಹೆಣ್ಣಮಕ್ಕಳ ಚಿತ್ರ ಬರಿಯೋವ್ರು ಬಾಯಿ ಬರಿಯಾಂಗಿಲ್ಲೇನೋ ಅಂದ್ಕೊಂಡೆ."

ಆತ್ಮಾರಾಮ ಉರ್ದುವಿಗೆ ಹೊರಳಿಸುವಾಗ ತಡವರಿಸಿದ. ಯಾರೂ ನಗಲಿಲ್ಲ. ಮುನ್ಸೀಫ್ ಸಾಹೇಬರು ಬಹಳ ಹೊತ್ತು ಬರೆದರು. ಅರ್ಜಿ ವಜಾ. ಹೊಲ, ಬಾವಿ, ಮನೆ ಆಕೆಯವು. ಆಕೆಗೆ ಆಕೆಯೇ ವಲಿ.

4 ಫೆಬ್ರವರಿ, ಬೆಳಿಗ್ಗೆ

ನಿನ್ನೆ ಅಷ್ಟಕ್ಕೇ ಮುಗಿಯಲಿಲ್ಲ. ಹಾಳೆ ಟ್ರಂಕಿಗೆ ಹಾಕುತ್ತಿದ್ದೆ. ಪಾರ್ವತಿಬಾಯಿ ಎದುರು ಬಂದು ನಿಂತಳು.

"ಸಾಹೇಬ್ರ, ಅವತ್ತು ಅರ್ಧಕ್ಕ ನಿಲ್ಸಿದ್ರಂತಲ್ಲ. ಉಳಿದವು ಕೇಳ್ರಿ. ನಾ ಕುಂತೀನಿ."

"ಬೇಕಾಗಿಲ್ಲಮ್ಮ. ನೀವು ಗೆದ್ದೀರಿ."

"ಗೆದ್ದದ್ದು ಹೊಲ. ಆ ಕಾಗದದ ಮ್ಯಾಲ ನಾ ಇನ್ನಾ ಒಂಬತ್ತು ವರ್ಷದಾಕಿ ಇದ್ದೀನಿ."

ಅದಾಲತ್ತಿನ ಪಡಸಾಲೆಯಲ್ಲೇ ಕೂತಳು. ಸುತ್ತ ಜನ. ಕೇಳಿದೆ, ಕನ್ನಡದಲ್ಲಿ, ನಡುವೆ ಯಾರೂ ಇಲ್ಲದೆ. ಅಂಕಿ ಹಿಂದುಮುಂದು ಮಾಡಿ ಹೇಳಿದಳು. ಒಂದು ಪ್ರಶ್ನೆಗೆ ಮಾತ್ರ "ಇದು ಬರಾಂಗಿಲ್ರಿ" ಎಂದು ನೇರವಾಗಿ ಹೇಳಿದಳು. ಆಮೇಲೆ ಈ ಪ್ರಶ್ನೆ ಬಂತು: ಒಂದು ಮನೆಗೆ ಮೊದಲು ಹಕೀಮ ಬಂದ, ಆಮೇಲೆ ವಕೀಲ ಬಂದ, ಆಮೇಲೆ ಸ್ವಾಮಿಗಳು ಬಂದರು. ಅಲ್ಲಿ ಏನಾಗಿರಬೇಕು?

ಯೋಚಿಸಲೂ ಇಲ್ಲ.

"ಗಂಡ ಸತ್ತಾನ. ಹೆಂಡ್ತಿ ಹೆಸರ್ಲೆ ಬಾವಿ ಇರೋ ಹೊಲ ಅದ."

ಪಡಸಾಲೆ ಹೋ ಎಂದಿತು. ನಮ್ಮ ಕೀಲಿಪುಸ್ತಕದಲ್ಲಿ ಸರಿ ಉತ್ತರ "ಯಾರೋ ಸತ್ತಿದ್ದಾರೆ" ಎಂದಷ್ಟೇ ಇದೆ. ಚೌಕದಲ್ಲಿ ಸರಿ ಎಂದು ಗುರುತು ಹಾಕಿದೆ. ಸಾಲದು ಅನ್ನಿಸಿತು. ಬೇರೆ ಹಾಳೆ ತೆಗೆದು ಆಕೆಯ ಮಾತನ್ನು ಪೂರ್ತಿ ಬರೆದೆ, ಆಕೆ ಹೇಳಿದ ಹಾಗೇ, ಕನ್ನಡ ಅಕ್ಷರದಲ್ಲಿ. ಬೀರಿನ ಕೆಲಸಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಬರೆದ ಮೊದಲ ಸರಕಾರಿ ಸಾಲು.

ಪರೀಕ್ಷೆಯ ಕೊನೆಯ ಮೆಟ್ಟಿಲಿನವರೆಗೂ ಬಂದಳು. ಅದರಾಚೆ ನಮ್ಮಲ್ಲಿ ಪ್ರಶ್ನೆಗಳೇ ಇಲ್ಲ.

"ಈಗ ಎಷ್ಟು ವರ್ಷದಾಕಿ ಆದೆ?"

"ಅಳತಿ ಮುಗೀತಮ್ಮ. ಇನ್ನು ಮುಂದ ನೀವೇ ಹೇಳಬೇಕು."

ನಕ್ಕಳು. ಬಾಯಿ ತುಂಬ.

15 ಫೆಬ್ರವರಿ

ನಗರ. ತೀರ್ಪಿನ ನಕಲು ನನಗಿಂತ ಮೊದಲೇ ಪ್ರೊಫೆಸರ್ ಸಾಹೇಬರ ಮೇಜಿಗೆ ಬಂದಿತ್ತು. ವಾರ ಪೂರ್ತಿ ಕರೆಯಲಿಲ್ಲ. ನಾನು ನಾಲ್ಕನೆಯ ಬೀರು ಮುಗಿಸಿದೆ. ರಾಜೀನಾಮೆ ಮನಸ್ಸಿನಲ್ಲೇ ಬರೆದಿಟ್ಟಿದ್ದೆ, ಒಳ್ಳೆಯ ಉರ್ದುವಿನಲ್ಲಿ.

ಇವತ್ತು ಕರೆದರು. ಕಾರ್ಡು ಹತ್ತೂ ಮೇಜಿನ ಮೇಲೆ ಹರಡಿದ್ದವು.

"ಹೇಳದೆ ಒಯ್ದಿರಿ."

"ಹೌದು."

"ನಮ್ಮ ಅಡುಗೆಯ ಗುರಪ್ಪನಿಗೆ ತೋರಿಸಿದೆ. ನಿಮ್ಮ ಕಡೆಯವನು." ಕನ್ನಡಕ ತೆಗೆದರು. "ಹತ್ತಕ್ಕೆ ಹತ್ತು, ವಿಭೂತಿ, ಲಿಂಗ. ಹದಿನೈದು ವರ್ಷದಿಂದ ಅವನ ಲೆಕ್ಕದಲ್ಲಿ ಒಂದು ತಪ್ಪು ಹಿಡಿಯಲು ನನಗಾಗಿಲ್ಲ, ಮಾಣಿಕಪ್ಪ."

ಕಾರ್ಡುಗಳನ್ನು ಒಂದೊಂದಾಗಿ ಜೋಡಿಸಿ ನನ್ನ ಕಡೆ ಸರಿಸಿದರು.

"ಹಳೆಯ ಹಾಳೆ ತಿದ್ದಬೇಡಿ. ಹಾಗೇ ಇರಲಿ, ಮುಂದಿನವರು ನಮ್ಮನ್ನು ನೋಡಿ ನಗಲಿ. ಪಕ್ಕದಲ್ಲಿ ಹೊಸದು ಇಡಿ. ಮೂರೂ ಊರಿಗೆ ಮತ್ತೆ ಹೋಗಬೇಕು. ಉತ್ತರ ಬರೆಯಲು ಜಾಗವಿರುವ ಹಾಳೆ ಮಾಡಿಸಿ. ಹೋಗುವವರು ನೀವು."

ಹೊರಬಂದಾಗ ಬಂದವರೊಬ್ಬರಿಗೆ ನನ್ನನ್ನು ಪರಿಚಯಿಸಿದರು. ಬೀರಿನ ಮಾತು ಬರಲಿಲ್ಲ.

17 ಫೆಬ್ರವರಿ, ಮಧ್ಯಾಹ್ನ

ಅಕ್ಕನಿಗೆ ಕಾಗದ ಹಾಕಿದೆ — ಯುಗಾದಿಗೆ ಬರುತ್ತೇನೆ, ಕರಡಿಗೆ ನೋಡಬೇಕು. ನೋಡಬೇಕು ಎಂದಷ್ಟೇ ಬರೆದಿದ್ದೇನೆ. ಅವಳು ಹೆಚ್ಚು ಓದಿಕೊಳ್ಳುತ್ತಾಳೆ. ಓದಿಕೊಳ್ಳಲಿ.

ಹೊಸ ಕಾರ್ಡುಗಳನ್ನು ನಾನೇ ಬರೆಯುತ್ತಿದ್ದೇನೆ. ಡ್ರಾಯಿಂಗ್ ಮಾಸ್ತರರಿಗೆ ಕೊಡಲು ಮನಸ್ಸಾಗಲಿಲ್ಲ. ಮುಖಗಳು ಬೇಡ ಎಂದು ತೀರ್ಮಾನಿಸಿದ್ದೆ — ಕಾಲಿಲ್ಲದ ಮಂಚ, ಹಿಡಿಯಿಲ್ಲದ ಕೊಡಲಿ, ಚಕ್ರವಿಲ್ಲದ ಬಂಡಿ. ಒಂಬತ್ತು ಆದವು. ಹತ್ತನೆಯದಕ್ಕೆ ಕೈ ತಾನಾಗಿ ಸೆರಗು ಬರೆಯಿತು. ಹಣೆ. ಹಣೆಯ ಮೇಲೆ ಮೂರು ಪಟ್ಟಿ. ಕಣ್ಣು, ಮೂಗು. ಇದರಲ್ಲಿ ಏನು ಇಲ್ಲ ಎಂದು ಯಾರನ್ನೂ ಕೇಳುವುದಕ್ಕಲ್ಲ. ಇದು ಪರೀಕ್ಷೆಗಲ್ಲ, ನಾರಾಯಣಖೇಡದ ಕಟ್ಟಿನ ಮೇಲೆ ಅಂಟಿಸಲು.

ಪೆನ್ಸಿಲು ಮತ್ತೆ ಚೂಪು ಮಾಡಿಕೊಂಡೆ. ಈಗ ಬಾಯಿ. ಪಾರ್ವತಿಬಾಯಿ ನಕ್ಕದ್ದು ಹೇಗಿತ್ತು… ಎಡಗಡೆ ಸ್ವಲ್ಪ ಮೇಲೆ, ಆಮೇಲೆ ಬಾಯಿ ತುಂಬ.